ಬೀಚ್‌ ಗಾಳಿಗೆ ಯಾವ ಮೈಕ್? ವೈರ್‌ಲೆಸ್ ಮೈಕ್ ಕೊಳ್ಳುವ ಮುಂಚೆ ಹೀಗೆ ಹೋಲಿಸಿ ನೋಡಿ

ಕಾರವಾರದ ಟ್ಯಾಗೋರ್ ಬೀಚ್‌ನಲ್ಲಿ ಮಧ್ಯಾಹ್ನದ ಮೇಲೆ ವಿಡಿಯೊ ಮಾಡಿ ನೋಡಿ. ಚಿತ್ರ ಚೆನ್ನಾಗಿಯೇ ಬಂದಿರುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಬರೀ 'ಬರ್ರ್' ಸದ್ದು. ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಆನ್‌ಲೈನ್‌ನಲ್ಲಿ ವೈರ್‌ಲೆಸ್ ಮೈಕ್ ಹುಡುಕುವುದು, ಇಪ್ಪತ್ತು ರಿವ್ಯೂ ನೋಡಿ ತಲೆ ಕೆಡಿಸಿಕೊಳ್ಳುವುದು. ಆ ರಿವ್ಯೂಗಳಲ್ಲಿ ಮುಕ್ಕಾಲು ಪಾಲು ಎಸಿ ರೂಮಿನಲ್ಲಿ ಕೂತು ಮಾಡಿದವು, ನಮ್ಮ ಕಡಲಿನ ಗಾಳಿಗೂ ಮಲೆನಾಡಿನ ಮಳೆಗೂ ಅವುಗಳಿಂದ ಉಪಯೋಗ ಕಡಿಮೆ. ಡಬ್ಬದ ಮೇಲಿನ ಅಂಕಿಗಿಂತ ನೀವು ಶೂಟ್ ಮಾಡುವ ಜಾಗ ಮುಖ್ಯ. ಹಾಗಾಗಿ ಹೋಲಿಕೆ ಅಲ್ಲಿಂದಲೇ ಶುರು ಮಾಡೋಣ.

ಮೊದಲು ರೇಂಜ್ ವಿಷಯ ಮುಗಿಸಿಬಿಡೋಣ

ಡಿಜೆಐ ಮೈಕ್ ಮಿನಿ 400 ಮೀಟರ್ ಅನ್ನುತ್ತದೆ. ಹಾಲಿಲ್ಯಾಂಡ್ ಲಾರ್ಕ್ ಎಂ2 300 ಮೀಟರ್, ರೋಡ್ ವೈರ್‌ಲೆಸ್ ಮೈಕ್ರೊ 100 ಮೀಟರ್. ಇವೆಲ್ಲ ನಡುವೆ ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ಈ ಮೈಕ್‌ಗಳು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅಂದರೆ ನಿಮ್ಮ ಮನೆಯ ವೈಫೈ ಕೂಡ ಬಳಸುವ ಅಲೆಯಲ್ಲಿ. ನಮ್ಮ ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ಈ ಅಲೆಗೆ ಅದೇ ದೊಡ್ಡ ತಡೆ. ಎದೆಗೆ ಮೈಕ್ ಸಿಕ್ಕಿಸಿಕೊಂಡು ಕ್ಯಾಮೆರಾಗೆ ಬೆನ್ನು ಹಾಕಿ ನಡೆದರೆ 400 ಮೀಟರ್ ಹೇಳಿದ್ದು ಎಷ್ಟೋ ಬೇಗ ಕಡಿಯುತ್ತದೆ. ಇನ್ನು ಶಿರಸಿ ಮಾರಿಕಾಂಬಾ ಜಾತ್ರೆಯಂಥ ಜನಜಂಗುಳಿಯಲ್ಲಿ ಸುತ್ತ ಸಾವಿರಾರು ಫೋನ್ ಇರುತ್ತವೆ, ಮೈಗಳೂ ಅಷ್ಟೇ. ಅಲ್ಲಿ ಯಾವ ಅಂಕಿಯನ್ನೂ ನಂಬಬೇಡಿ.

ಅದಕ್ಕೇ ರೇಂಜ್ ಬದಲು ಒಂದು ಪ್ರಶ್ನೆ ಕೇಳಿ: ಅಂಗಿಗೆ ಸಿಕ್ಕಿಸುವ ತುಂಡಿನ, ಅಂದರೆ ಟ್ರಾನ್ಸ್‌ಮಿಟರ್‌ನೊಳಗೇ ರೆಕಾರ್ಡಿಂಗ್ ಆಗುತ್ತದೆಯಾ? ಆಗುವುದಾದರೆ ಸಿಗ್ನಲ್ ಕಡಿದರೂ ಮಾತು ಅದರೊಳಗೆ ಉಳಿದಿರುತ್ತದೆ. ಡಿಜೆಐ ಮೈಕ್ 2ರಲ್ಲಿ 8 ಜಿಬಿ ಜಾಗವಿದೆ, ಸುಮಾರು 14 ಗಂಟೆ ಹಿಡಿಸುತ್ತದೆ. ರೋಡ್ ವೈರ್‌ಲೆಸ್ ಗೋ 2 ಮತ್ತು ವೈರ್‌ಲೆಸ್ ಪ್ರೊಗಳಲ್ಲೂ ಈ ಸೌಲಭ್ಯ ಇದೆ. ಮೈಕ್ ಮಿನಿ, ಲಾರ್ಕ್ ಎಂ2, ವೈರ್‌ಲೆಸ್ ಮೈಕ್ರೊಗಳಲ್ಲಿ ಇಲ್ಲ. ಇವು ಹಗುರ, ಚಿಕ್ಕವು, ಅಗ್ಗವೂ ಹೌದು. ಮೈಕ್ ಮಿನಿ 10 ಗ್ರಾಂ, ಲಾರ್ಕ್ ಎಂ2 ಇನ್ನೂ ಕಡಿಮೆ, 9 ಗ್ರಾಂ. ಮೈಕ್ 2 ಸುಮಾರು 28 ಗ್ರಾಂ, ತೆಳು ಅಂಗಿಗೆ ಸಿಕ್ಕಿಸಿದರೆ ಕುತ್ತಿಗೆ ಪಟ್ಟಿ ಜೋತುಬೀಳುತ್ತದೆ. ಮನೆಯಲ್ಲಿ ಅಡುಗೆ ವಿಡಿಯೊ ಮಾಡುವವರಿಗೆ ಒಳಗಿನ ರೆಕಾರ್ಡಿಂಗ್ ಬೇಕಾಗಿಲ್ಲ, ಸುಮ್ನೆ ದುಡ್ಡು ದಂಡ. ಜಾತ್ರೆ, ದೋಣಿ, ತೋಟ ಸುತ್ತುವವರಿಗೆ ಬೇಕು.

ಫೋನಿಗೆ ಹೊಂದುತ್ತದೆಯೇ?

ಫೋನಿಗೆ ಸಿಕ್ಕಿಸುವ ತುಂಡು, ಅಂದರೆ ರಿಸೀವರ್, ಟೈಪ್-ಸಿಯೋ ಲೈಟ್ನಿಂಗೋ ನೋಡಿಕೊಳ್ಳಿ. ಐಫೋನ್ 15ರಿಂದ ಈಚೆಗೆ ಟೈಪ್-ಸಿ, ಅದಕ್ಕೂ ಹಿಂದಿನವು ಲೈಟ್ನಿಂಗ್. ಆಂಡ್ರಾಯ್ಡ್‌ನಲ್ಲಿ ಎರಡು ತಾಪತ್ರಯ. ಕೆಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ (ಹೊರಗಿನ ಸಾಧನವನ್ನು ಫೋನಿಗೆ ಜೋಡಿಸಲು ಬಿಡುವ ಆಯ್ಕೆ) ಆನ್ ಮಾಡದಿದ್ದರೆ ರಿಸೀವರ್‌ಗೆ ಜೀವವೇ ಬರುವುದಿಲ್ಲ. ಇನ್ನು ಕೆಲವದರಲ್ಲಿ ಫೋನಿನದೇ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆಗ ಓಪನ್ ಕ್ಯಾಮೆರಾ ಅಥವಾ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಂಡು ಮೈಕ್ ಆಯ್ಕೆ ಮಾಡಿ. ಯಾವ ಮೈಕ್ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಟ್ರಾನ್ಸ್‌ಮಿಟರ್ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿ. ರೆಕಾರ್ಡಿಂಗ್‌ನಲ್ಲಿ ಗೀರಿದ್ದು ಕೇಳದಿದ್ದರೆ ಫೋನ್ ತನ್ನ ಮೈಕನ್ನೇ ಬಳಸುತ್ತಿದೆ.

ಕ್ಯಾಮೆರಾಗೆ ಹಾಕುವವರು ವೈರಿನ ತುದಿ ನೋಡಿ. ಕಪ್ಪು ಪಟ್ಟಿ ಎರಡಿದ್ದರೆ ಕ್ಯಾಮೆರಾಗೆ, ಮೂರಿದ್ದರೆ ಫೋನಿಗೆ.

ಗಾಳಿ: ಎಲ್ಲಕ್ಕಿಂತ ದೊಡ್ಡ ವಿಷಯ

ನಮ್ಮ ಕರಾವಳಿಯಲ್ಲಿ ಹೊತ್ತು ಏರುತ್ತಿದ್ದಂತೆ ನೆಲ ಬಿಸಿಯಾಗಿ ಕಡಲ ಕಡೆಯಿಂದ ಗಾಳಿ ಬೀಸಲು ಶುರು, ಮಧ್ಯಾಹ್ನದ ಮೇಲೆ ಜೋರು. ಬೆಳಗಿನ ಜಾವ ಅಷ್ಟಿರುವುದಿಲ್ಲ. ರಂಪಣಿ ಬಲೆ ಎಳೆಯುವುದನ್ನು ಶೂಟ್ ಮಾಡಬೇಕೆಂದರೆ ಬೆಳಿಗ್ಗೆಯೇ ಹೋಗಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಉಳಿದರ್ಧಕ್ಕೆ ಮೈಕಿಗೆ ತೊಡಿಸುವ ತುಪ್ಪಳದ ಟೊಪ್ಪಿ ಬೇಕು. ಸ್ಪಂಜಿನ ಟೊಪ್ಪಿ ಫ್ಯಾನ್ ಗಾಳಿಗೆ ಸಾಕು, ಕಡಲ ಗಾಳಿಗೆ ಅದು ಇದ್ದೂ ಇಲ್ಲದಂತೆ. ಮೈಕ್ ಹೋಲಿಸುವಾಗ ಈ ತುಪ್ಪಳ ಹೇಗೆ ಕೂರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿ. ಕೆಲವದರಲ್ಲಿ ಒತ್ತಿ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಬರೀ ರಬ್ಬರಿನ ಬಿಗಿಯಲ್ಲಿ ನಿಲ್ಲುವಂಥದ್ದು ದೋಣಿ ಹತ್ತುವಾಗ ಎಲ್ಲೋ ಉದುರಿ ಮರಳಲ್ಲಿ ಸೇರುತ್ತದೆ. ಸಾವಿರದೊಳಗಿನ ಅಗ್ಗದ ಮೈಕ್‌ಗಳಲ್ಲಿ ಎಷ್ಟೋ ಸಲ ತುಪ್ಪಳ ಕೊಟ್ಟೇ ಇರುವುದಿಲ್ಲ. ಕೊಟ್ಟಿದ್ದರೂ ಕೂದಲು ಗಿಡ್ಡ.

ಗಾಳಿಯ ಸದ್ದನ್ನು ಆಮೇಲೆ ಎಡಿಟಿಂಗ್‌ನಲ್ಲಿ ತೆಗೆಯುತ್ತೇನೆ ಅನ್ನುವವರಿದ್ದಾರೆ. ತೆಗೆಯಬಹುದು, ಜೊತೆಗೆ ದನಿಯ ದಪ್ಪವೂ ಹೋಗುತ್ತದೆ.

ಎಲ್ಲಿ ಸಿಕ್ಕಿಸುವುದು?

ಗಲ್ಲದಿಂದ ಒಂದು ಗೇಣು ಕೆಳಗೆ, ಇದು ಸಾಮಾನ್ಯ ಲೆಕ್ಕ. ಆದರೆ ಎಲ್ಲರಿಗೂ ಇದು ನಡೆಯುವುದಿಲ್ಲ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಸಮುದಾಯದ ಅಜ್ಜಿಯ ಹಾಡು ರೆಕಾರ್ಡ್ ಮಾಡಲು ಹೋದರೆ ಎದೆ ತುಂಬ ಮಣಿಸರಗಳು. ಅಲ್ಲಿ ಮೈಕ್ ಹಾಕಿದರೆ ಪ್ರತಿ ಉಸಿರಿಗೂ ಕಟಕಟ ಸದ್ದು. ಸರ ತೆಗೆಯಿರಿ ಅಂತ ಹೇಳುವುದು ಸರಿಯಲ್ಲ, ಹೆಗಲ ಮೇಲಿನ ಸೀರೆಯ ಅಂಚಿಗೆ, ಮಣಿ ತಾಗದ ಜಾಗಕ್ಕೆ ಸಿಕ್ಕಿಸಿ. ಮುಖ ಯಾವ ಕಡೆ ತಿರುಗುತ್ತದೋ ಆ ಹೆಗಲಿಗೆ.

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಇನ್ನೊಂದು ಪೇಚು. ಕೊನೆಗೌಡ, ಅಂದರೆ ಮರದಿಂದ ಅಡಿಕೆ ಕೊನೆ ಇಳಿಸುವವನು, ಕತ್ತು ಮೇಲೆತ್ತಿ ಮಾತಾಡುತ್ತಾನೆ, ದನಿ ಮೇಲಕ್ಕೆ ಹೋಗುತ್ತದೆ, ಎದೆಯ ಮೈಕಿಗೆ ಗೊಣಗಿದಂತೆ ಕೇಳುತ್ತದೆ. ತಲೆಯ ಮೇಲೆ ಹಾಳೆ ಟೊಪ್ಪಿ ಇದ್ದರೆ ಅದರ ಮುಂದಿನ ಅಂಚಿಗೆ ಕ್ಲಿಪ್ ಹಾಕಿ. ತಲೆ ಎತ್ತ ತಿರುಗಿದರೂ ಬಾಯಿ ಮತ್ತು ಮೈಕಿನ ದೂರ ಬದಲಾಗುವುದಿಲ್ಲ. ಇಂಥ ಕೆಲಸಕ್ಕೆ 9, 10 ಗ್ರಾಂನವೇ ವಾಸಿ.

ಮ್ಯಾಗ್ನೆಟ್‌ನಲ್ಲಿ ಅಂಟುವ ಮೈಕ್ ಚಂದ ಕಾಣುತ್ತದೆ ನಿಜ. ಹಿರಿಯರನ್ನು ಮಾತಾಡಿಸುವಾಗ ಮಾತ್ರ ಪೇಸ್‌ಮೇಕರ್ ಇದೆಯಾ ಅಂತ ಮೊದಲೇ ಕೇಳಿ. ಇದ್ದರೆ ಮ್ಯಾಗ್ನೆಟ್ ಎದೆಯ ಹತ್ತಿರ ತರಲೇಬೇಡಿ, ಕ್ಲಿಪ್ ಬಳಸಿ.

ನಾಯ್ಸ್ ಕ್ಯಾನ್ಸಲೇಶನ್ ಅನ್ನುವ ಗುಂಡಿ

ಮೀನು ಮಾರ್ಕೆಟ್‌ನಲ್ಲಿ ಬಂಗಡೆ ಚೌಕಾಶಿ ನಡೆಯುತ್ತಿದೆ. ಗುಂಡಿ ಒತ್ತಿದಿರಿ. ಗದ್ದಲ ಕಡಿಮೆಯಾಯಿತು, ಆದರೆ ಮಾರುವ ಅಕ್ಕನ ದನಿ ನೀರಿನೊಳಗಿಂದ ಬಂದ ಹಾಗೆ ಆಯಿತು. ಈ ಗುಂಡಿ ಮಾತಲ್ಲದ್ದನ್ನೆಲ್ಲ ಕಸ ಅಂತ ತಿಳಿಯುತ್ತದೆ. ಜನರೇಟರ್ ಸದ್ದಿನ ಪಕ್ಕ ಕೆಲಸಕ್ಕೆ ಬರುತ್ತದೆ, ಕಡಲ ತೆರೆ, ತಗಡಿನ ಮೇಲಿನ ಮಳೆ, ಹಾಡು ಇವಕ್ಕೆ ಬೇಡ. ಹೋಲಿಸುವಾಗ ಇದನ್ನು ಆಫ್ ಮಾಡಿಯೇ ಹೋಲಿಸಿ, ಇಲ್ಲವಾದರೆ ಮೈಕಿನ ನಿಜ ಗುಣ ಗೊತ್ತಾಗುವುದಿಲ್ಲ.

ಯಕ್ಷಗಾನದ ಬಗ್ಗೆ ಒಂದು ಮಾತು. ಚಂಡೆಯ ಪಕ್ಕ ಇಂಥ ಚಿಕ್ಕ ಮೈಕ್ ಇಟ್ಟರೆ ದನಿ ಒಡೆಯುತ್ತದೆ. 32 ಬಿಟ್ ಫ್ಲೋಟ್ (ತೀರ ಮೆಲ್ಲನೆಯ ದನಿಯನ್ನೂ ತೀರ ಜೋರಾದದ್ದನ್ನೂ ಹಿಡಿದಿಡುವ ರೆಕಾರ್ಡಿಂಗ್ ವಿಧಾನ) ಇದ್ದರೆ ಒಡೆಯುವುದೇ ಇಲ್ಲ ಅನ್ನುವುದು ಅರ್ಧ ಸತ್ಯ. ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಹೆಚ್ಚಿಟ್ಟು ಒಡೆದದ್ದನ್ನು ಅದು ಉಳಿಸಿಕೊಡುತ್ತದೆ, ಮೈಕಿನ ಪೊರೆಯೇ ತಡೆಯಲಾರದಷ್ಟು ಜೋರಿದ್ದರೆ ಏನೂ ಮಾಡಲಾರದು. ಸೌಂಡ್‌ನವರ ಹತ್ತಿರ ಹೋಗಿ ಮಿಕ್ಸರ್‌ನಿಂದ ದನಿ ನೇರವಾಗಿ ಬರುವ ಒಂದು ಲೈನ್ ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ.

ಕೊನೆಗೆ, ಪರೀಕ್ಷೆ

ಎರಡು ಮೈಕ್ ಒಟ್ಟಿಗೆ ಸಿಕ್ಕಿದರೆ, ಗೆಳೆಯರದ್ದಾದರೂ ಸರಿ, ಎರಡನ್ನೂ ಒಂದೇ ಅಂಗಿಗೆ ಪಕ್ಕಪಕ್ಕ ಸಿಕ್ಕಿಸಿ, ಬೇರೆ ಬೇರೆ ಫೋನಿಗೆ ಜೋಡಿಸಿ. ಒಂದು ಚಪ್ಪಾಳೆ ತಟ್ಟಿ, ಆಮೇಲೆ ಎರಡು ರೆಕಾರ್ಡಿಂಗ್ ಹೊಂದಿಸಲು ಅದು ಬೇಕು. ಮಾತಾಡುತ್ತಾ ಹೆಜ್ಜೆ ಎಣಿಸುತ್ತಾ ದೂರ ಹೋಗಿ, ಬೆನ್ನು ಹಾಕಿ, ಮತ್ತೆ ತಿರುಗಿ ಬನ್ನಿ. ಎಷ್ಟನೇ ಹೆಜ್ಜೆಗೆ ಕಡಿಯಿತು ಅನ್ನುವುದು ರೆಕಾರ್ಡಿಂಗ್‌ನಲ್ಲೇ ಇರುತ್ತದೆ. ಗೇನ್ ಇಡುವಾಗ ಜೋರಾಗಿ ಮಾತಾಡಿದರೂ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಲಿ. ನಂತರ ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದು ವೈರಿನ ಇಯರ್‌ಫೋನ್‌ನಲ್ಲಿ ಕೇಳಿ. ಜೋರಾಗಿ ಕೇಳಿದ್ದೇ ಒಳ್ಳೆಯದು ಅಂತ ಕಿವಿ ಮೋಸ ಹೋಗುತ್ತದೆ, ಅದಕ್ಕೆ ಈ ಮಟ್ಟ ಮಾಡುವ ಕೆಲಸ ಬಿಡಬೇಡಿ.

ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ವಾಪಸ್ ಮಾಡುವ ಗಡುವಿನೊಳಗೆ ಇದನ್ನೆಲ್ಲ ಮುಗಿಸಿ, ಡಬ್ಬ ಎಸೆಯಬೇಡಿ. ಇಟ್ಟುಕೊಂಡರೆ, ಬೀಚ್‌ನಿಂದ ಬಂದ ದಿನ ಮೈಕನ್ನು ಹಾಗೇ ಕೇಸ್‌ಗೆ ತುರುಕಬೇಡಿ. ಚಾರ್ಜ್ ಆಗುವ ಆ ಚಿಕ್ಕ ಬಂಗಾರದ ಬಣ್ಣದ ಚುಕ್ಕಿಗಳ ಮೇಲೆ ಉಪ್ಪು ಕೂತಿರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ ಆಮೇಲೆ ಇಡಿ.