ಹಳೇ ಚಿತ್ರದ ಪೋಸ್ಟ್‌ಕಾರ್ಡ್ ಸಿಕ್ಕರೆ ಮೊದಲು ಬೆನ್ನು ನೋಡಿ

ಅಜ್ಜನ ಟ್ರಂಕಿನಲ್ಲೋ, ಹಳೇ ಪುಸ್ತಕದ ನಡುವೆಯೋ ಒಂದು ಚಿತ್ರದ ಪೋಸ್ಟ್‌ಕಾರ್ಡ್ ಸಿಕ್ಕಿತು ಅಂದುಕೊಳ್ಳಿ. ಮುಂದೆ ಕಬ್ಬನ್ ಪಾರ್ಕೋ, ಮೈಸೂರು ಅರಮನೆಯೋ, ಜೋಗವೋ ಇರುತ್ತದೆ. ಎಲ್ಲರೂ ಅದನ್ನೇ ನೋಡುತ್ತಾ ಕೂರುತ್ತಾರೆ. ನೀವು ಕಾರ್ಡನ್ನು ತಿರುಗಿಸಿ. ಹಿಂಬದಿಯ ಅಂಚಿನಲ್ಲಿ, ಕೆಲವು ಸಲ ಮಧ್ಯದ ಗೆರೆಯ ಉದ್ದಕ್ಕೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಹೆಸರಿರುತ್ತದೆ. ಅದು ಪ್ರಕಾಶಕರ ಹೆಸರು. ಕಾರ್ಡ್ ಸಂಗ್ರಹ ಶುರುವಾಗುವುದು ಅಲ್ಲಿಂದ.

ಯಾಕೆ ಅಂದರೆ, ಈ ಪ್ರಕಾಶಕರು ಹಾಕಿದ ಕಾರ್ಡುಗಳ ಪೂರ್ತಿ ಪಟ್ಟಿ ಕೈಗೆ ಸಿಗುವುದು ತೀರಾ ಅಪರೂಪ. ಲಂಡನ್ನಿನ ರಾಫೆಲ್ ಟಕ್ ಅಂಡ್ ಸನ್ಸ್ ಎಷ್ಟು ದೊಡ್ಡ ಕಂಪನಿ, ಭಾರತದ ಊರುಗಳದ್ದೇ ಎಷ್ಟೋ ಸರಣಿ ಹಾಕಿದ್ದರು. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳ ಬಾಂಬು ಅವರ ಕಟ್ಟಡದ ಮೇಲೆ ಬಿದ್ದು ದಾಖಲೆಗಳೆಲ್ಲ ಸುಟ್ಟುಹೋದವು. ಈಗ ಇರುವ ಪಟ್ಟಿಗಳು ಸಂಗ್ರಹಕಾರರು ಒಂದೊಂದೇ ಕಾರ್ಡ್ ಜೋಡಿಸಿ ಮತ್ತೆ ಕಟ್ಟಿದ್ದು. ನಿಮ್ಮ ಹತ್ತಿರ ಇರುವ ಹತ್ತು ಕಾರ್ಡ್ ಕೂಡ ಅಂಥ ಕೆಲಸಕ್ಕೆ ಬೇಕು.

ಮೊದಲು ಹರವು ಗೊತ್ತು ಮಾಡಿಕೊಳ್ಳಿ

ಎಲ್ಲವನ್ನೂ ಕೂಡಿಸಲು ಹೋಗಬೇಡಿ. ಜಗತ್ತಿನ ಮೊದಲ ಸರ್ಕಾರಿ ಪೋಸ್ಟ್‌ಕಾರ್ಡ್ ಬಂದದ್ದು ಆಸ್ಟ್ರಿಯಾ-ಹಂಗೆರಿಯಲ್ಲಿ, 1869ರ ಅಕ್ಟೋಬರ್ 1ಕ್ಕೆ. ನಮ್ಮಲ್ಲಿ 1879ರ ಜುಲೈನಲ್ಲಿ ಕಾಲಾಣೆ ಕಾರ್ಡ್ ಬಂತು. ಅವೆಲ್ಲ ಚಿತ್ರವಿಲ್ಲದ ಖಾಲಿ ಕಾರ್ಡುಗಳು. ಚಿತ್ರದ ಕಾರ್ಡಿನ ಹುಚ್ಚು ಹತ್ತಿದ್ದು 1890ರ ದಶಕದ ಕೊನೆಗೆ, ಅದು ಜೋರಾಗಿ ನಡೆದದ್ದು ಮೊದಲ ಮಹಾಯುದ್ಧದವರೆಗೆ. ಈ ಸುಮಾರು ಇಪ್ಪತ್ತು ವರ್ಷದೊಳಗೆ ಒಂದು ಊರು ಅಥವಾ ಒಬ್ಬ ಪ್ರಕಾಶಕರನ್ನು ಹಿಡಿದರೆ ಸಾಕು. ನನ್ನ ಸಲಹೆ ಕೇಳಿದರೆ ಪ್ರಕಾಶಕರನ್ನೇ ಹಿಡಿಯಿರಿ. ಬೆಂಗಳೂರು, ಮೈಸೂರಿನ ಕಾರ್ಡುಗಳಲ್ಲಿ ಹಿಗ್ಗಿನ್‌ಬಾಥಮ್ಸ್ ಹೆಸರು ಎದುರಾಗುತ್ತಲೇ ಇರುತ್ತದೆ. 1844ರಲ್ಲಿ ಮದರಾಸಿನಲ್ಲಿ ಶುರುವಾದ ಪುಸ್ತಕದಂಗಡಿ ಅದು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲೂ ಮಳಿಗೆ ಇಟ್ಟಿತು. ಮದರಾಸಿನ ಸ್ಪೆನ್ಸರ್, ಫೋಟೋ ಸ್ಟುಡಿಯೋ ನಡೆಸುತ್ತಿದ್ದ ವೀಲೆ ಅಂಡ್ ಕ್ಲೈನ್, ಬೊಂಬಾಯಿಯ ಕ್ಲಿಫ್ಟನ್, ಕಲ್ಕತ್ತೆಯ ಜಾನ್‌ಸ್ಟನ್ ಅಂಡ್ ಹಾಫ್‌ಮನ್, ದೆಹಲಿಯ ಎಚ್.ಎ. ಮಿರ್ಜಾ ಅಂಡ್ ಸನ್ಸ್ ಇವರೆಲ್ಲ ಅದೇ ಕಾಲದವರು. ಮಂಗಳೂರು ಕಡೆಯವರಾದರೆ ಬಾಸೆಲ್ ಮಿಷನ್ ಕಾರ್ಡುಗಳನ್ನು ಹುಡುಕಬಹುದು.

ಎಲ್ಲಿ ಸಿಗುತ್ತವೆ?

ಬೆಂಗಳೂರಿನ ಕಾರ್ಡು ಬೆಂಗಳೂರಿಗಿಂತ ಇಂಗ್ಲೆಂಡಿನಲ್ಲಿ ಜಾಸ್ತಿ ಸಿಗುತ್ತದೆ. ಕಂಟೋನ್ಮೆಂಟಿನಲ್ಲಿದ್ದ ಸೈನಿಕರು, ಅಧಿಕಾರಿಗಳು, ಅವರ ಹೆಂಗಸರು ಊರಿಗೆ ಬರೆದು ಕಳಿಸಿದ ಕಾರ್ಡುಗಳು ಅಲ್ಲಿನ ಮನೆಗಳಲ್ಲಿ ಉಳಿದವು, ಈಗ ಅಲ್ಲಿನ ಪೋಸ್ಟ್‌ಕಾರ್ಡ್ ಮೇಳಗಳಿಗೂ ಆನ್‌ಲೈನ್ ಹರಾಜಿಗೂ ಬರುತ್ತಿವೆ. ಹುಡುಕುವಾಗ ಹಳೇ ಕಾಗುಣಿತವನ್ನೇ ಹಾಕಬೇಕು. ಮಡಿಕೇರಿ ಅಂತ ಹುಡುಕಿದರೆ ಏನೂ ಬರುವುದಿಲ್ಲ, ಮರ್ಕಾರಾ ಅನ್ನಬೇಕು. ಶ್ರೀರಂಗಪಟ್ಟಣ ಅಲ್ಲಿ ಸೆರಿಂಗಪಟಂ, ಜೋಗ ಅಲ್ಲಿ ಗೇರ್ಸೊಪ್ಪ ಫಾಲ್ಸ್. ಇಲ್ಲಿ ಅಂಚೆಚೀಟಿ ಮತ್ತು ನಾಣ್ಯದ ಪ್ರದರ್ಶನಗಳು, ಹಳೇ ಪುಸ್ತಕದ ಅಂಗಡಿಗಳು, ಮುಂಬೈನ ಚೋರ್ ಬಜಾರ್ ನೋಡಬಹುದು.

ದುಡ್ಡು ಕೊಡುವ ಮುಂಚೆ ಭೂತಕನ್ನಡಿಯಲ್ಲಿ ಚಿತ್ರ ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಕನ್ನಡಿ ಸಾಕು. ಪೇಪರಿನ ಫೋಟೋದಲ್ಲಿ ಕಾಣುವ ಹಾಗೆ ಸಾಲಾಗಿ ಚುಕ್ಕಿ ಇದ್ದರೆ ಅದು ಹಾಫ್‌ಟೋನ್ ಅನ್ನುವ ಅಚ್ಚು. ಚುಕ್ಕಿಯೇ ಇಲ್ಲದೆ, ಒಣಗಿದ ಕೆರೆಯ ಮಣ್ಣು ಬಿರುಕು ಬಿಟ್ಟ ಹಾಗೆ ಸಣ್ಣ ಸುಕ್ಕು ಸುಕ್ಕಾಗಿ ಕಂಡರೆ ಕಾಲೊಟೈಪ್, ಆ ಕಾಲದ ಎಷ್ಟೋ ಒಳ್ಳೊಳ್ಳೆ ಕಾರ್ಡುಗಳು ಅದರಲ್ಲೇ ಅಚ್ಚಾದವು. ಚುಕ್ಕಿಯೂ ಇಲ್ಲ, ಸುಕ್ಕೂ ಇಲ್ಲ, ಓರೆಯಾಗಿ ಹಿಡಿದರೆ ಕಪ್ಪು ಜಾಗದಲ್ಲಿ ಬೆಳ್ಳಿಯ ಹೊಳಪು ಬಂದಿದೆ ಅಂದರೆ ಅದು ನಿಜವಾದ ಫೋಟೋ ಕಾಗದದ ಮೇಲೆ ತೆಗೆದದ್ದು. ನಕಲಿ ಪತ್ತೆಗೆ ಅಲ್ಟ್ರಾವಯಲೆಟ್ ಟಾರ್ಚ್ ಒಂದು ಇಟ್ಟುಕೊಳ್ಳಿ. ಸುಮಾರು 1950ರ ನಂತರದ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವುದು ಸಾಮಾನ್ಯ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಕಾರ್ಡ್ ನೀಲಿಯಾಗಿ ಹೊಳೆದರೆ ಅದನ್ನು 1905ರದ್ದು ಅಂತ ನಂಬಬೇಡಿ.

ಕಾರ್ಡಿನ ವಯಸ್ಸು

ಇದು ನನಗೆ ತುಂಬಾ ಇಷ್ಟವಾದ ಭಾಗ. ಮೊದಲು ಹಿಂಬದಿಯ ಮಧ್ಯೆ ಗೆರೆ ಇದೆಯಾ ನೋಡಿ. ಶುರುವಿನಲ್ಲಿ ಹಿಂದೆ ವಿಳಾಸ ಮಾತ್ರ ಬರೆಯಬೇಕಿತ್ತು, ಸುದ್ದಿಯನ್ನೆಲ್ಲ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ತುರುಕಬೇಕಿತ್ತು. ಹಿಂಬದಿಯ ಮಧ್ಯೆ ಗೆರೆ ಎಳೆದು ಒಂದು ಕಡೆ ವಿಳಾಸ, ಇನ್ನೊಂದು ಕಡೆ ಸುದ್ದಿ ಬರೆಯಲು ಬ್ರಿಟನ್ 1902ರಲ್ಲಿ ಒಪ್ಪಿತು, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಗೆರೆ ಇಲ್ಲದ್ದು ಸಾಮಾನ್ಯವಾಗಿ ಹಳೆಯದು. ಆದರೆ ಅಂಗಡಿಯವರು ಹಳೇ ಸ್ಟಾಕನ್ನು ವರ್ಷಗಟ್ಟಲೆ ಮಾರುತ್ತಿದ್ದರು, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಆಮೇಲೆ ಸ್ಟ್ಯಾಂಪ್ ನೋಡಿ. ಏಳನೇ ಎಡ್ವರ್ಡ್ ತಲೆ ಇದ್ದರೆ 1902ರಿಂದ ಈಚೆಗೆ, ಐದನೇ ಜಾರ್ಜ್ ಇದ್ದರೆ 1911ರಿಂದ ಈಚೆಗೆ. ಅಂಚೆ ಮೊಹರಿನಲ್ಲಿ ತಾರೀಖು ಓದಲು ಬಂದರೆ ಇನ್ನೂ ಒಳ್ಳೆಯದು. ಆದರೆ ಮೊಹರು ಹೇಳುವುದು ಕಾರ್ಡ್ ಅಂಚೆಗೆ ಬಿದ್ದ ದಿನವನ್ನು. ಫೋಟೋ ಅದಕ್ಕಿಂತ ಹತ್ತು ವರ್ಷ ಹಿಂದಿನದೂ ಆಗಿರಬಹುದು. ಪಟ್ಟಿಯಲ್ಲಿ ಅಂಚೆ ತಾರೀಖಿಗೆ ಒಂದು ಕಾಲಂ, ಫೋಟೋ ಕಾಲಕ್ಕೆ ಬೇರೆ ಕಾಲಂ ಬೇಕೇ ಬೇಕು.

ಫೋಟೋ ಕಾಲಕ್ಕೆ ಚಿತ್ರದೊಳಗೇ ಸಾಕ್ಷಿ ಇರುತ್ತದೆ. ಕಬ್ಬನ್ ಪಾರ್ಕಿನ ಕಾರ್ಡಿನಲ್ಲಿ ವಿಕ್ಟೋರಿಯಾ ರಾಣಿ ಪ್ರತಿಮೆ ನಿಂತಿದ್ದರೆ ಅದು 1906ಕ್ಕೆ ಮುಂಚಿನದಲ್ಲ, ಅದರ ಅನಾವರಣ ಆ ವರ್ಷದ್ದು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಕಂಡರೆ 1905ರ ಆಗಸ್ಟಿನ ಈಚೆಗೆ ಬನ್ನಿ. ಮೈಸೂರಿನ ಹಳೇ ಮರದ ಅರಮನೆ ಬೆಂಕಿಗೆ ಸಿಕ್ಕಿದ್ದು 1897ರಲ್ಲಿ, ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಯಾವ ಅರಮನೆ ಅನ್ನುವುದರ ಮೇಲೆ ಕಾಲ ಗೊತ್ತಾಗುತ್ತದೆ ಅಲ್ವಾ? ಇಂಥ ಸಾಕ್ಷಿ ಸಿಕ್ಕಾಗ ಆಗುವ ಖುಷಿಯೇ ಬೇರೆ.

ಪಟ್ಟಿ ಬರೆಯುವುದು

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ, ಇಲ್ಲವೇ ಉದ್ದನೆಯ ರಿಜಿಸ್ಟರ್ ತನ್ನಿ. ಪ್ರತಿ ಕಾರ್ಡಿಗೂ 1, 2, 3 ಅಂತ ನಿಮ್ಮದೇ ನಂಬರ್ ಕೊಡಿ, ಅದನ್ನು ಯಾವತ್ತೂ ಬದಲಿಸಬೇಡಿ. ಆಮೇಲೆ ಪ್ರಕಾಶಕರ ಹೆಸರು, ಕಾರ್ಡಿನ ಮೇಲೆ ಅಚ್ಚಾಗಿರುವ ಹಾಗೇ. ಒಂದರಲ್ಲಿ ಹಿಗ್ಗಿನ್‌ಬಾಥಮ್ ಅಂಡ್ ಕೋ ಅಂತ ಇದ್ದು ಇನ್ನೊಂದರಲ್ಲಿ ಹಿಗ್ಗಿನ್‌ಬಾಥಮ್ಸ್ ಅಂತ ಇದ್ದರೆ ಎರಡನ್ನೂ ಹಾಗೇ ಬರೆಯಿರಿ, ತಿದ್ದಬೇಡಿ, ಆ ವ್ಯತ್ಯಾಸದಿಂದಲೇ ಮುಂದೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಿಳಿಯಬಹುದು. ಚಿತ್ರದ ಶೀರ್ಷಿಕೆಯೂ ಹಾಗೇ, ತಪ್ಪಿದ್ದರೆ ತಪ್ಪಿನ ಸಮೇತ, ಪಕ್ಕದಲ್ಲಿ ಊರಿನ ಈಗಿನ ಹೆಸರು. ಪ್ರಕಾಶಕರ ಸರಣಿ ನಂಬರ್, ಎಲ್ಲಿ ಅಚ್ಚಾಯಿತು, ಅಚ್ಚಿನ ವಿಧಾನ, ಹಿಂಬದಿಯ ಗೆರೆ, ಸ್ಟ್ಯಾಂಪ್, ಮೊಹರು, ಕಾರ್ಡಿನ ಸ್ಥಿತಿ, ಎಲ್ಲಿ ಎಷ್ಟಕ್ಕೆ ತೆಗೆದುಕೊಂಡಿರಿ, ಇಷ್ಟು ಕಾಲಂ ಸಾಕು. ಜರ್ಮನಿ ಅಥವಾ ಸ್ಯಾಕ್ಸನಿಯಲ್ಲಿ (ಅದು ಜರ್ಮನಿಯದೇ ಒಂದು ಪ್ರಾಂತ್ಯ) ಅಚ್ಚಾದದ್ದು ಅಂತ ಇದ್ದರೆ ಮರೆಯದೆ ಬರೆಯಿರಿ. ಆಗ ಒಳ್ಳೆ ಅಚ್ಚಿನ ಕೆಲಸ ಅಲ್ಲಿಗೆ ಹೋಗುತ್ತಿತ್ತು, 1914ರಲ್ಲಿ ಯುದ್ಧ ಬಂದು ಆ ದಾರಿ ನಿಂತಿತು.

ಶೀರ್ಷಿಕೆ ವಿಷಯದಲ್ಲಿ ನನಗೆ ಒಂದು ನೋವಿದೆ. ಕಟ್ಟಡಕ್ಕೆ ಹೆಸರು ಹಾಕಿದ ಪ್ರಕಾಶಕರು ಮನುಷ್ಯರಿಗೆ ಸುಮ್ನೆ ದೋಬಿ, ಹಾವಾಡಿಗ, ನೇಟಿವ್ ಹೆಂಗಸು ಅಂತ ಹಾಕಿಬಿಟ್ಟರು. ಅವರು ಯಾರೆಂದು ಈಗ ತಿಳಿಯುವ ದಾರಿಯಿಲ್ಲ. ಕನಿಷ್ಠ ಅವರು ಉಟ್ಟ ಸೀರೆಯ ರೀತಿ, ಕೈಯಲ್ಲಿರುವ ಸಾಮಾನು, ಹಿಂದೆ ಕಾಣುವ ಮನೆ, ಇವನ್ನು ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆದಿಡಿ.

ಪ್ರಕಾಶಕರ ಹೆಸರೇ ಇಲ್ಲದ ಕಾರ್ಡ್ ಬಂದರೆ ಬೆನ್ನಿನ ವಿನ್ಯಾಸ ಹೋಲಿಸಿ. ಪೋಸ್ಟ್ ಕಾರ್ಡ್ ಅನ್ನುವ ಅಕ್ಷರದ ಆಕಾರ, ಮಧ್ಯದ ಗೆರೆ, ಸ್ಟ್ಯಾಂಪ್ ಅಂಟಿಸುವ ಚೌಕ, ಮೂರೂ ಹೆಸರಿರುವ ಇನ್ನೊಂದು ಕಾರ್ಡಿಗೆ ಹೊಂದಿದರೆ ಅವರದೇ ಇರಬಹುದು. ಇರಬಹುದು ಅಂತಲೇ ಬರೆಯಿರಿ, ಒಂದೇ ಅಚ್ಚುಕೂಟ ಹಲವರಿಗೆ ಅಚ್ಚು ಹಾಕಿಕೊಡುತ್ತಿತ್ತು.

ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೈಲಿಗೆ ನಿಮ್ಮ ನಂಬರನ್ನೇ ಹೆಸರಾಗಿ ಕೊಡಿ, ಮುಂಬದಿ ಯಾವುದು ಹಿಂಬದಿ ಯಾವುದು ಗೊತ್ತಾಗುವ ಹಾಗೆ.

ಇಡುವುದು ಹೇಗೆ?

ಮೊದಮೊದಲು ನಾನು ಅಗ್ಗದ ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿ ಇಟ್ಟಿದ್ದೆ. ಒಂದು ಮಳೆಗಾಲ ಕಳೆಯುವುದರಲ್ಲಿ ನಾಲ್ಕು ಕಾರ್ಡಿನ ಮುಖ ಹಾಳೆಗೆ ಅಂಟಿಕೊಂಡಿತ್ತು, ಬಿಡಿಸುವಾಗ ಬಣ್ಣವೂ ಕಿತ್ತು ಬಂತು. ಪಿವಿಸಿ ಬೇಡವೇ ಬೇಡ, ಪಾಲಿಯೆಸ್ಟರ್ ಕವರ್ ತನ್ನಿ, ಆಮ್ಲವಿಲ್ಲದ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿಡಿ. ಗೋಂದು, ಸೆಲೋಟೇಪ್, ಬಾಲ್‌ಪೆನ್ ಹತ್ತಿರ ತರಬೇಡಿ. ಕಾರ್ಡಿನ ಮೇಲೆ ನಂಬರ್ ಬರೆಯಲೇಬೇಕಾದರೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲಿನಲ್ಲಿ ಬರೆಯಿರಿ.

ಸ್ಟ್ಯಾಂಪ್ ಕೂಡಿಸುವವರು ಎಷ್ಟೋ ಕಾರ್ಡುಗಳಿಂದ ಸ್ಟ್ಯಾಂಪ್ ಕಿತ್ತುಕೊಂಡಿದ್ದಾರೆ. ಅಂಥವನ್ನು, ಮೂಲೆ ಹರಿದವನ್ನು ವ್ಯಾಪಾರಿಗಳು ಒಂದು ಡಬ್ಬಿಗೆ ಹಾಕಿ ಕಡಿಮೆ ರೇಟಿಗೆ ಇಟ್ಟಿರುತ್ತಾರೆ. ಆ ಡಬ್ಬಿಯನ್ನು ಕೊನೆಯವರೆಗೂ ನೋಡಿ. ಪ್ರಕಾಶಕರ ಸಾಲು ಮತ್ತು ನಂಬರ್ ಉಳಿದಿದ್ದರೆ, ಪಟ್ಟಿಯಲ್ಲಿ 14ಕ್ಕೂ 16ಕ್ಕೂ ನಡುವೆ ಖಾಲಿ ಬಿಟ್ಟ ಜಾಗ ತುಂಬಲು ಅಷ್ಟು ಸಾಕು.