ಸೆಷನ್ಸ್ ಕಡತಕ್ಕೆ ಒಂದೇ ಹಾಳೆ: ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ ಕಾನೂನು ವಿದ್ಯಾರ್ಥಿಯಾಗಿ ನನ್ನ ಅನುಭವ

ಇಪ್ಪತ್ತು ಮೂವತ್ತು ಸಾಕ್ಷಿಗಳಿರುವ ಸೆಷನ್ಸ್ ಪ್ರಕರಣವನ್ನು ಒಂದೇ ಹಾಳೆಗೆ ಇಳಿಸಬಹುದೆಂದು ನಾನು ಹೇಳಿದಾಗ ಕಚೇರಿಯಲ್ಲಿ ಯಾರೂ ನಂಬಲಿಲ್ಲ. "ದೋಷಾರೋಪಣಾ ಪಟ್ಟಿಯಲ್ಲೇ ಸಾಕ್ಷಿಗಳ ಪಟ್ಟಿ ಇದೆಯಲ್ಲಪ್ಪಾ, ಯಾರು ಏನು ಹೇಳುತ್ತಾರೆ ಅಂತ ಅದರಲ್ಲೇ ಬರೆದಿರುತ್ತಾರೆ, ಮತ್ತೆ ಇದು ಯಾಕೆ?" ಎಂದು ಅಭಿಯೋಜಕರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಹಾಳೆಯನ್ನು ಆಮೇಲೆ ಅವರು ಕಡತದ ಮೇಲ್ಭಾಗಕ್ಕೆ ಪಿನ್ ಮಾಡಿಸಿಕೊಂಡೇ ನ್ಯಾಯಾಲಯದ ಹಾಲ್‌ಗೆ ಹೋಗುತ್ತಿದ್ದರು. ಆದ್ದರಿಂದ, ಇಂಥದೇ ಕಚೇರಿಗಳಲ್ಲಿ ಕೆಲಸ ಮಾಡುತ್ತಿರುವ ಇತರ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಾರ್ ಕೌನ್ಸಿಲ್‌ನ 2008ರ ನಿಯಮಗಳಂತೆ ಇಂಟರ್ನ್‌ಶಿಪ್ ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಾಲೇಜಿನ ಲೆಕ್ಕಕ್ಕೆ ಆ ನಾಲ್ಕು ವಾರ ಮುಗಿದ ಮೇಲೆ, ಬೆಳಗಿನ ತರಗತಿ ಮುಗಿಸಿ ಬಂದು ವಾರಕ್ಕೆ ಕೆಲವು ದಿನ ಕೆಲಸ ಮಾಡಲು ಅಭಿಯೋಜಕರ ಅನುಮತಿ ಪಡೆದುಕೊಂಡೆ. ಅಷ್ಟು ಸಮಯ ಸಿಗದಿದ್ದರೆ ಈ ವಿಧಾನ ಕೈಗೆ ಹತ್ತುತ್ತಿರಲಿಲ್ಲ, ಏಕೆಂದರೆ ಒಂದು ಪ್ರಕರಣದ ಸಾಕ್ಷ್ಯ ನಾಲ್ಕು ವಾರದಲ್ಲಿ ಮುಗಿಯುವುದನ್ನು ನಾನಂತೂ ಕಂಡಿಲ್ಲ.

ಮೊದಲು ಪ್ರತಿ ಸಾಕ್ಷಿಗೆ ಒಂದೊಂದು ರಟ್ಟಿನ ಕಾರ್ಡ್ ಮಾಡಿದ್ದೆ. ಚಾ.ಸಾ.4 (ದೋಷಾರೋಪಣಾ ಪಟ್ಟಿಯ ನಾಲ್ಕನೇ ಸಾಕ್ಷಿ) ಬರಬೇಕಾದ ದಿನ ಚಾ.ಸಾ.11 ಬಂದು ನಿಂತರೆ, ಬೆಂಚಿನ ಮುಂದೆ ಇಸ್ಪೀಟು ಕಲಸುವಂತೆ ಕಾರ್ಡ್ ಹುಡುಕಬೇಕಾಗುತ್ತಿತ್ತು. ಆಮೇಲೆ ಲ್ಯಾಪ್‌ಟಾಪಿನ ಎಕ್ಸೆಲ್‌ಗೆ ಹೋದೆ. ಠಾಣೆಗಳಿಂದ ಬರುವ ಹೇಳಿಕೆಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಅವನ್ನು ಯೂನಿಕೋಡ್‌ಗೆ ತಂದರೆ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರುತ್ತಿದ್ದವು, ತಿದ್ದುವುದರಲ್ಲೇ ಸಂಜೆಯಾಗುತ್ತಿತ್ತು. ಅಲ್ಲದೆ ಮುಖ್ಯ ವಿಚಾರಣೆ ನಡೆಸುತ್ತಿರುವವರು ಲ್ಯಾಪ್‌ಟಾಪಿನ ಕಡೆ ತಿರುಗಿ ನೋಡುವುದಿಲ್ಲ, ಅವರ ಕಣ್ಣು ಸಾಕ್ಷಿಕಟ್ಟೆಯ ಮೇಲೂ ಕಡತದ ಮೇಲೂ ಇರುತ್ತದೆ. ಕೈಬರಹದ ಮಹಜರುಗಳನ್ನು (ಪಂಚರ ಮುಂದೆ ಪೊಲೀಸರು ಬರೆಯುವ ವರದಿಗಳನ್ನು) ಫೋನಿಗೆ ಓದಿ ಹೇಳಿ ಅಕ್ಷರರೂಪಕ್ಕೆ ತರುವ ಯೋಚನೆಯನ್ನೂ ಮಾಡಿದೆ. ಕನ್ನಡವನ್ನು ಅದು ಚೆನ್ನಾಗಿಯೇ ಹಿಡಿಯಿತು. ಆದರೆ ಮಹಜರಿನ ಮಾತು ಯಾವುದೋ ಕಂಪನಿಯ ಸರ್ವರ್‌ಗೆ ಹೋಗುವುದು ಸರಿಯಲ್ಲವೆನಿಸಿದ್ದರಿಂದ, ಹಳೆಯ ಪಠ್ಯಪುಸ್ತಕದ ಪುಟವೊಂದರ ಮೇಲೆ ಪರೀಕ್ಷಿಸುವುದರಲ್ಲೇ ಅದನ್ನು ನಿಲ್ಲಿಸಿದೆ.

ಕೊನೆಗೆ ಗೆದ್ದದ್ದು ಎ3 ಹಾಳೆ ಮತ್ತು ಪೆನ್ಸಿಲ್. ಎಡಬದಿಯಲ್ಲಿ ಮೇಲಿಂದ ಕೆಳಗೆ ಚಾ.ಸಾ. ಸಂಖ್ಯೆಗಳು ಮಾತ್ರ ಇರುತ್ತವೆ, ಹೆಸರುಗಳಿರುವುದಿಲ್ಲ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಮತ್ತು ಅತ್ಯಾಚಾರದ ಕಡತಗಳಲ್ಲಿ ಸಂತ್ರಸ್ತರ ಗುರುತು ಹೊರಬೀಳಬಾರದೆಂಬುದು ಕಾನೂನೇ ಆಗಿದೆ. ನಾನು ಆ ಅಭ್ಯಾಸವನ್ನು ಎಲ್ಲ ಕಡತಗಳಿಗೂ ಅನ್ವಯಿಸಿಕೊಂಡೆ. ಹಾಳೆಯ ಮೇಲ್ಬದಿಯಲ್ಲಿ ಅಪರಾಧದ ಅಂಶಗಳು ಬರುತ್ತವೆ. ಉದಾಹರಣೆಗೆ ಹಳೆಯ ಭಾರತೀಯ ದಂಡ ಸಂಹಿತೆಯ 307ನೇ ಕಲಮಿನ (ಕೊಲೆ ಯತ್ನದ) ಪ್ರಕರಣವಾದರೆ ದ್ವೇಷದ ಹಿನ್ನೆಲೆ, ಘಟನೆ, ಆರೋಪಿಯ ಗುರುತು, ಗಾಯ, ಆಯುಧ, ವಶಪಡಿಸಿಕೊಂಡ ಬಗೆ ಎಂದು ಆರೇಳು ಕಂಬಸಾಲುಗಳಾಗುತ್ತವೆ. ಪ್ರತಿ ಚೌಕದಲ್ಲಿ ಆ ಸಾಕ್ಷಿಯ ಹೇಳಿಕೆಯ ಪುಟಸಂಖ್ಯೆಯನ್ನೂ ಆತನ ಮೂಲಕ ಗುರುತಿಸಬೇಕಾದ ದಾಖಲೆಯನ್ನೂ ಬರೆಯುತ್ತೇನೆ. ಆ ದಾಖಲೆಗೆ ನಿ.ಪಿ. ಸಂಖ್ಯೆ (ಅಭಿಯೋಜನೆಯ ದಾಖಲೆಗೆ ನ್ಯಾಯಾಲಯ ಕೊಡುವ ಗುರುತಿನ ಸಂಖ್ಯೆ) ಬಿದ್ದ ದಿನ ಅದನ್ನು ಶಾಯಿಯಿಂದ ತುಂಬುತ್ತೇನೆ.

ಈ ಹಾಳೆಯನ್ನು ಮೇಲಿಂದ ಕೆಳಗೆ ಓದಬೇಕು. ದೋಷಾರೋಪಣಾ ಪಟ್ಟಿಯಲ್ಲಿರುವ ಸಾಕ್ಷಿಪಟ್ಟಿ ಅಡ್ಡಕ್ಕೆ ಓದುವಂಥದ್ದು, ಅದು ಒಬ್ಬೊಬ್ಬ ಸಾಕ್ಷಿ ಏನು ಹೇಳುತ್ತಾನೆಂದು ತಿಳಿಸುತ್ತದೆ. ಇಬ್ಬರು ಪಂಚರೂ (ಮಹಜರಿನ ಸಾಕ್ಷಿಗಳು) ಪ್ರತಿಕೂಲರಾದರೆ, ಅಂದರೆ ಅಭಿಯೋಜನೆಗೆ ವಿರುದ್ಧವಾಗಿ ನುಡಿದರೆ, ಆಯುಧದ ಅಂಶಕ್ಕೆ ಇನ್ನು ಯಾರು ಉಳಿದರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನನ್ನ ಹಾಳೆಯಲ್ಲಿ ಆ ಕಂಬಸಾಲಿನ ಮೇಲೆ ಬೆರಳಿಟ್ಟು ಇಳಿದರೆ ಸಾಕು. ಒಂದೇ ಒಂದು ಚೌಕ ತುಂಬಿರುವ ಕಂಬಸಾಲಿಗೆ ಕೆಂಪು ಗೆರೆ ಎಳೆಯುತ್ತೇನೆ, ಅಂದರೆ ಆ ಸಾಕ್ಷಿಯ ಸಮನ್ಸ್ ಜಾರಿಯಾಗಿದೆಯೇ ಎಂದು ಕೋರ್ಟ್ ಪಿ.ಸಿ.ಯವರನ್ನು (ನ್ಯಾಯಾಲಯದ ಕೆಲಸ ನೋಡುವ ಪೊಲೀಸ್ ಕಾನ್‌ಸ್ಟೆಬಲ್) ವಾರ ಮೊದಲೇ ಕೇಳಬೇಕೆಂದು ಅರ್ಥ. "ಈ ಸಾಕ್ಷಿಯನ್ನು ಬಿಟ್ಟುಕೊಡುತ್ತೀರಾ?" (ಅಂದರೆ ವಿಚಾರಿಸದೆ ಕೈಬಿಡುತ್ತೀರಾ) ಎಂದು ನ್ಯಾಯಾಧೀಶರು ಕೇಳಿದಾಗಲೂ ಹಾಳೆ ತಕ್ಷಣ ಉತ್ತರ ಕೊಡುತ್ತದೆ. ಮುಂಚೆ ಆ ಪ್ರಶ್ನೆಗೆ ಅಭಿಯೋಜಕರು ಸಮಯ ಕೇಳುತ್ತಿದ್ದರು.

ಹಾಳೆಯ ಹಿಂಬದಿಯನ್ನು ಮೂಲ ದಾಖಲೆಗಳಿಗೆ ಮೀಸಲಿಟ್ಟಿದ್ದೇನೆ. ಯಾವುದು ನ್ಯಾಯಾಲಯದ ಕಡತದಲ್ಲಿದೆ, ಯಾವುದು ಠಾಣೆಯಲ್ಲಿದೆ, ಯಾವುದು ವಿಧಿವಿಜ್ಞಾನ ಪ್ರಯೋಗಾಲಯದಿಂದ ಇನ್ನೂ ಬರಬೇಕಿದೆ ಎಂಬ ಪಟ್ಟಿ ಅದು. ವರದಿಗೆ ಸಹಿ ಹಾಕಿದವರ ಹುದ್ದೆಯನ್ನೂ ಅಲ್ಲೇ ಬರೆಯುತ್ತೇನೆ, ಏಕೆಂದರೆ ಸಾಕ್ಷಿಯನ್ನು ಕರೆಸದೆ ವರದಿಯನ್ನು ಬಳಸಿಕೊಳ್ಳುವ ಅವಕಾಶ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮಿನಲ್ಲಿ ಹೆಸರಿಸಿರುವ ಹುದ್ದೆಯವರಿಗಷ್ಟೇ ಅನ್ವಯಿಸುತ್ತದೆ. ಇದನ್ನು ಬಹಳ ಮಂದಿ ನೋಡುವುದೇ ಇಲ್ಲ.

ಕಚೇರಿಯವರ ಅನುಮಾನ ಕರಗಿದ್ದು ಒಂದು ಮಚ್ಚಿನ ಪ್ರಕರಣದಲ್ಲಿ. ಸ್ಥಳದ ಫೋಟೋಗಳು ಸಿ.ಡಿ.ಯಲ್ಲಿದ್ದವು. ಹಿಂಬದಿಯ ಪಟ್ಟಿ ಮಾಡುವಾಗ ಅದಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವೇ (ವಿದ್ಯುನ್ಮಾನ ದಾಖಲೆಗೆ ಬೇಕಾದ ದೃಢೀಕರಣ) ಇಲ್ಲವೆಂಬುದು ಕಂಡಿತು. ಆ ಪ್ರಮಾಣಪತ್ರ ಕಡ್ಡಾಯವೆಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಿಚಾರಣೆ ಮುಗಿಯುವುದರೊಳಗೆ ಅದನ್ನು ಹಾಜರುಪಡಿಸಲು ಅವಕಾಶ ಕೊಡಬಹುದೆಂಬ ದಾರಿಯನ್ನೂ ಅದೇ ತೀರ್ಪು ತೋರಿಸಿದೆ. ತನಿಖಾಧಿಕಾರಿ ಬೇರೆ ಠಾಣೆಗೆ ವರ್ಗವಾಗಿದ್ದರು, ಫೋಟೋಗ್ರಾಫರ್ ಅಂಗಡಿ ಬದಲಿಸಿದ್ದರು. ಆದರೂ ಸಾಕ್ಷ್ಯದ ದಿನಕ್ಕೆ ಸುಮಾರು ಮೂರು ವಾರ ಇದ್ದುದರಿಂದ ಅಭಿಯೋಜಕರು ಪತ್ರ ಬರೆದು ಪ್ರಮಾಣಪತ್ರ ತರಿಸಿಕೊಂಡರು. ನಂತರ ಪಂಚರಿಬ್ಬರೂ ಪ್ರತಿಕೂಲರಾದರು. ಹಾಳೆಯ ಪ್ರಕಾರ ಆಯುಧದ ಕಂಬಸಾಲಿನಲ್ಲಿ ತನಿಖಾಧಿಕಾರಿಯೂ ಆಯುಧದ ಬಗ್ಗೆ ಅಭಿಪ್ರಾಯ ಕೊಟ್ಟ ವೈದ್ಯರೂ ಉಳಿದಿದ್ದರು. ಆ ಇಬ್ಬರ ಮುಖ್ಯ ವಿಚಾರಣೆ ಎಲ್ಲೂ ತಡವರಿಸದೆ ನಡೆಯಿತು. ಸಾಕ್ಷಿಗಳು ಏನು ಹೇಳಬೇಕೆಂಬುದಕ್ಕೂ ಹಾಳೆಗೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನಾನು ಯಾವ ಸಾಕ್ಷಿಯೊಡನೆಯೂ ಪ್ರಕರಣದ ಮಾತಾಡುವುದಿಲ್ಲ, ಹಾಳೆಯನ್ನು ಅವರಿಗೆ ತೋರಿಸುವುದೂ ಇಲ್ಲ.

2024ರ ಜುಲೈ 1ರಂದು ಹೊಸ ಅಪರಾಧ ಕಾಯ್ದೆಗಳು ಜಾರಿಗೆ ಬಂದ ನಂತರ ಇನ್ನೊಂದು ತೊಡಕು ಸೇರಿತು. ಅಂದು ಬಾಕಿಯಿದ್ದ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಆಮೇಲೆ ಪ್ರಥಮ ವರ್ತಮಾನ ವರದಿ ದಾಖಲಾದರೆ ಅಪರಾಧದ ಕಲಮು ಹಳೆಯದು, ತನಿಖೆಯ ಕಲಮು ಹೊಸದು. ಪೊಲೀಸರು ದಾಖಲಿಸುವ 161ನೇ ಕಲಮಿನ ಹೇಳಿಕೆ ಈಗ 180ರದ್ದಾಗಿದೆ, 65ಬಿ ಈಗ 63 ಆಗಿದೆ. ಆದ್ದರಿಂದ ಹಾಳೆಯ ಬಲಮೂಲೆಯಲ್ಲಿ ಘಟನೆಯ ದಿನಾಂಕ, ವರದಿಯ ದಿನಾಂಕ ಮತ್ತು ಅನ್ವಯಿಸುವ ಕಾಯ್ದೆಗಳನ್ನು ದಪ್ಪಕ್ಷರದಲ್ಲಿ ಬರೆಯಲಾರಂಭಿಸಿದೆ. ಅನುಭವಿ ಗುಮಾಸ್ತರೂ ಈಗ ಕಲಮಿನ ಸಂಖ್ಯೆಗಾಗಿ ಆ ಮೂಲೆಯನ್ನೇ ನೋಡುತ್ತಾರೆ.

ಎಡ ಅಂಚಿನಲ್ಲಿ ನಾನು ಹಾಕುವ ಸಣ್ಣ ಗುರುತುಗಳು ಪಾಟೀ ಸವಾಲನ್ನು ಮುಂದಾಗಿ ಊಹಿಸುವುದಕ್ಕೆ ಇರುವಂಥವು. ಅವುಗಳ ಅರ್ಥವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಇದನ್ನು ಆರೋಪಿ ಪರ ವಕೀಲರ ಕಚೇರಿಯ ವಿದ್ಯಾರ್ಥಿಗಳೂ ಓದುತ್ತಾರೆ. ಪ್ರತಿಕೂಲ ಸಾಕ್ಷಿಯ ಹೇಳಿಕೆಯಲ್ಲಿ ಯಾವ ಭಾಗವನ್ನು ಮೊದಲು ತೋರಿಸಬೇಕೆಂದು ಗುರುತಿಸುವ ಕ್ರಮವೂ ನನ್ನಲ್ಲೇ ಇರಲಿ.

ಇನ್ನು ಹಣದ ವಿಷಯ. ನನಗೆ ಭತ್ಯೆ ಎಂದು ಏನೂ ಸಿಗುತ್ತಿರಲಿಲ್ಲ. ಎ3 ಪ್ರತಿಗೆ ಸುಮಾರು 10 ರೂಪಾಯಿ, ಬಸ್ಸು, ಊಟ, ಪೆನ್ನು ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರದ ಆಸುಪಾಸು ಖರ್ಚಾಗುತ್ತಿತ್ತು. ಅದನ್ನು ಸಂಜೆ ಒಂದು ಟೈಪಿಂಗ್ ಅಂಗಡಿಯಲ್ಲಿ ಬಾಡಿಗೆ ಕರಾರು, ಪ್ರಮಾಣಪತ್ರಗಳನ್ನು ಟೈಪ್ ಮಾಡಿ ಸರಿದೂಗಿಸುತ್ತಿದ್ದೆ. ಆ ಅಂಗಡಿಗೆ ಕಚೇರಿಯ ಒಂದು ಚೀಟಿಯನ್ನೂ ಒಯ್ಯಲಿಲ್ಲ, ಜೆರಾಕ್ಸನ್ನೂ ಖಾಲಿ ಚೌಕಗಳ ನಮೂನೆಗಷ್ಟೇ ಹೊರಗೆ ಮಾಡಿಸುತ್ತಿದ್ದೆ. ಒಂದು ಹಾಳೆ ತುಂಬಲು ಮೊದಲು ಎರಡು ದಿನ ಹಿಡಿಯುತ್ತಿತ್ತು, ಈಗ ಇನ್ನೂರು ಪುಟದ ಕಡತಕ್ಕೆ ಒಂದು ಮಧ್ಯಾಹ್ನ ಸಾಕು.

ನಡುವೆ ಅಭಿಯೋಜಕರು ಬದಲಾದರು. ಹೊಸದಾಗಿ ಬಂದ ಮೇಡಂ ಮೊದಲ ವಾರ ಹಾಳೆಯನ್ನು ಕಡತದಿಂದ ತೆಗೆದು ಪಕ್ಕಕ್ಕಿಟ್ಟರು. ಕರೆಸದಿದ್ದ ವೈದ್ಯರು ಒಂದು ದಿನ ತಾವಾಗಿಯೇ ಬಂದು, ಮತ್ತೆ ಬರಲಾಗದೆಂದಾಗ, ಮೇಡಂ "ಆ ದೊಡ್ಡ ಹಾಳೆ ಎಲ್ಲಪ್ಪಾ?" ಎಂದು ನನ್ನನ್ನು ಕೇಳಿದರು. ಈಗ ಎ3 ಕಾಗದವನ್ನು ಅವರೇ ತರಿಸುತ್ತಾರೆ. ಬಣ್ಣದ ಪೆನ್ನುಗಳು ಮಾತ್ರ ಇನ್ನೂ ನನ್ನ ಖರ್ಚಿನಲ್ಲೇ ಬರುತ್ತಿವೆ.