ಸಂಸತ್ತಿನ ಪ್ರೆಸ್ ಗ್ಯಾಲರಿಗೆ ಪಾಸ್ ಪಡೆಯುವುದು ಹೇಗೆ?

ದೆಹಲಿಗೆ ಹೊಸದಾಗಿ ಬಂದ ವರದಿಗಾರರಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆ (ಪಿಐಬಿ) ಪತ್ರಕರ್ತರಿಗೆ ಕೊಡುವ ಮಾನ್ಯತಾ ಕಾರ್ಡ್ ಕೈಗೆ ಬಂದರೆ ಸಂಸತ್ತಿನ ಬಾಗಿಲೂ ತೆರೆಯಿತು ಅಂತ. ಹಾಗಿಲ್ಲ. ಕಾರ್ಡ್ ಕೊಡುವುದು ಸರ್ಕಾರ. ಪತ್ರಕರ್ತರು ಮೇಲೆ ಕೂತು ಕಲಾಪ ನೋಡುವ ಗ್ಯಾಲರಿಗೆ ಯಾರನ್ನು ಬಿಡಬೇಕು ಅನ್ನುವುದು ಲೋಕಸಭೆಯಲ್ಲಿ ಸ್ಪೀಕರ್‌ಗೆ, ರಾಜ್ಯಸಭೆಯಲ್ಲಿ ಸಭಾಪತಿಗೆ ಬಿಟ್ಟದ್ದು.

ಆದರೂ ಮೊದಲು ಕಾರ್ಡ್ ಮಾಡಿಸಿಕೊಳ್ಳಿ. 2022ರ ಮಾರ್ಗಸೂಚಿಯ ಪ್ರಕಾರ ಪೂರ್ಣಾವಧಿ ಪತ್ರಕರ್ತರಿಗೆ ಕನಿಷ್ಠ 5 ವರ್ಷ, ಫ್ರೀಲಾನ್ಸ್ ಮಾಡುವವರಿಗೆ 15 ವರ್ಷ ಅನುಭವ ಬೇಕು. ಭದ್ರತಾ ಪರಿಶೀಲನೆಯೂ ನಡೆಯುತ್ತದೆ. ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಮುಂದಿನದು ನಿಮಗೆ ಪಾಸ್ ಕೋರುವ ಸಂಪಾದಕರ ಪತ್ರ. ಎರಡೂ ಸದನಗಳ ಸಚಿವಾಲಯಕ್ಕೆ ಬೇರೆ ಬೇರೆ ಅರ್ಜಿ ಕೊಡಬೇಕು. ಈ ವಿಷಯದಲ್ಲಿ ಸಲಹೆ ಕೊಡಲು ಪತ್ರಕರ್ತರೇ ಇರುವ ಸಮಿತಿಗಳನ್ನು ರಚಿಸುವ ಪದ್ಧತಿಯಿದೆ. ಅಧಿವೇಶನ ಶುರುವಾಗುವ ಹಿಂದಿನ ದಿನ ಓಡಾಡಿದರೆ ಪ್ರಯೋಜನವಿಲ್ಲ. ದಿನಾಂಕ ಪ್ರಕಟವಾದ ಕೂಡಲೇ ಅರ್ಜಿ ಹಾಕಿ.

ಇಷ್ಟಾದರೂ ಪಾಸ್ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. 2020ರಲ್ಲಿ ಕೋವಿಡ್ ಕಾರಣಕ್ಕೆ ಪತ್ರಕರ್ತರ ಪ್ರವೇಶಕ್ಕೆ ಕಡಿವಾಣ ಬಿತ್ತು. ಮರುವರ್ಷವೂ ಅದು ಪೂರ್ತಿ ಸಡಿಲವಾಗಲಿಲ್ಲ. ಲಾಟರಿ ಎತ್ತಿ ಪಾಸ್ ಕೊಟ್ಟರು, ಪತ್ರಕರ್ತರು ಬೀದಿಗಿಳಿದು ಪ್ರತಿಭಟಿಸಿದರು. ಸರಿಯಾಗಿಯೇ ಮಾಡಿದರು.

ಸಂಸದ್ ಟಿವಿ ಇದೆಯಲ್ಲ, ಸುಮ್ನೆ ಯಾಕಿಷ್ಟು ಪಾಡು ಅಂತ ಕೇಳಬಹುದು. ಗದ್ದಲ ಎದ್ದಾಗ ಟಿವಿ ನೋಡಿ. ಕ್ಯಾಮೆರಾ ಹೆಚ್ಚಾಗಿ ಸ್ಪೀಕರ್ ಪೀಠದ ಮೇಲೇ ನಿಂತಿರುತ್ತದೆ. ಸದನದ ಬಾವಿಗೆ (ಪೀಠದ ಮುಂದಿನ ಜಾಗಕ್ಕೆ) ಇಳಿದವರು ಯಾರು, ಯಾವ ಫಲಕ ಹಿಡಿದಿದ್ದಾರೆ, ಲೋಕಸಭೆಯಲ್ಲಿ ಬೆಳಗ್ಗೆ 11ರ ಪ್ರಶ್ನೋತ್ತರ ವೇಳೆಗೆ ಯಾವ ಬೆಂಚು ಖಾಲಿ, ಮಂತ್ರಿಗೆ ಹಿಂದಿನಿಂದ ಚೀಟಿ ಬಂದದ್ದು ಯಾವ ಪ್ರಶ್ನೆಗೆ: ಇದೆಲ್ಲ ಮೇಲೆ ಕೂತವರಿಗಷ್ಟೇ ಕಾಣುತ್ತದೆ.

ಗ್ಯಾಲರಿಗೆ ಫೋನ್ ಒಯ್ಯುವಂತಿಲ್ಲ. ನೋಟ್‌ಬುಕ್, ಪೆನ್ನು ಇಟ್ಟುಕೊಳ್ಳಿ. ಯಾರು ಯಾವಾಗ ಏನಂದರು ಅಂತ ಸಮಯದ ಸಮೇತ ಬರೆದುಕೊಳ್ಳಿ. ಸುದ್ದಿ ಕಳಿಸುವ ಮೊದಲು ಪೀಠ ಯಾವ ಮಾತನ್ನು ಕಡತದಿಂದ ತೆಗೆಸಿದೆ ಅನ್ನುವುದನ್ನು ವಿಚಾರಿಸಲೇಬೇಕು. ದುರುದ್ದೇಶವಿಲ್ಲದೆ ಬರೆದ, ಬಹುಮಟ್ಟಿಗೆ ನಿಜವಾದ ವರದಿಗೆ ಸಂವಿಧಾನದ 361ಎ ವಿಧಿ ರಕ್ಷಣೆ ಕೊಡುತ್ತದೆ. ಆದರೆ ಕಡತದಿಂದ ತೆಗೆಸಿದ ಮಾತನ್ನು ಅಚ್ಚು ಹಾಕಿದರೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ) ನೋಟಿಸ್ ಬರಬಹುದು.